ಮುಚ್ಚಿಟ್ಟ ಒಂದು ವಾರ

ಆಗಸ್ಟ್ ೧೯, ಮಂಗಳವಾರ

ಪ್ಲಾನಿಂಗ್ ನೋಡುತ್ತಿದ್ದ ವಿಶಾಲನ ಕುರ್ಚಿ ಇವತ್ತಿನಿಂದ ನನ್ನದು. ಅದಕ್ಕೆ ಒಂದು ಕೈ ಇಲ್ಲ. ಹೋದ ತಿಂಗಳು ಗಿರಾಕಿಯ ಕಡೆಯವರು ನಾಲ್ಕು ಜನ ನುಗ್ಗಿ, ಅದೇ ಕುರ್ಚಿಯನ್ನೆತ್ತಿ ಅವನ ಬೆನ್ನಿಗೆ ಹಾಕಿದಾಗ ಮುರಿಯಿತು. ಅವರ ಕೆಲಸ ತಿಂಗಳುಗಟ್ಟಲೆ ತಡವಾಗಿತ್ತು. ಆಫೀಸಿನ ಗಾಜು ಒಡೆದರು, ವಿಶಾಲನ ಕಪಾಳಕ್ಕೆ ಬಾರಿಸಿದರು, ನೀರಿನ ಕ್ಯಾನು ಒದ್ದು ಹೋದರು. ನಾನು ಬಿಲ್ಲು ಬರೆಯುವ ಮೇಜಿನ ಹಿಂದೆ ಕಿವಿ ಮುಚ್ಚಿಕೊಂಡು ನಿಂತಿದ್ದೆ. ವಿಶಾಲ ಮರುದಿನದಿಂದ ನಮ್ಮ ಶೆಡ್ಡಿರುವ ತಾರಿಹಾಳದ ಕಡೆ ತಲೆ ಹಾಕಿಲ್ಲ.

ಮಾಲಕರು ಶಾಂತಯ್ಯನವರು ನನ್ನನ್ನು ಕರೆದು ಕೂರಿಸಿದರು. "ಭಾಗ್ಯಶ್ರೀ, ಡಿಪ್ಲೊಮಾ ಮಾಡೀದಿ, ಬಿಲ್ ಬರಕೋತ ಕುಂತೀದಿ. ಇನ್ನ ಮ್ಯಾಲ ಪ್ಲಾನಿಂಗ್ ನೀ ನೋಡ್ಕೊ. ಸಕ್ಕರಿ ಕಾರ್ಖಾನಿ ಪ್ಯಾನ್ ಅಕ್ಟೋಬರ್ ಹತ್ತಕ್ಕ ನಮ್ಮ ಗೇಟ್ ದಾಟಬೇಕು. ದಾಟಲಿಲ್ಲಂದ್ರ ಆ ಗಿರಾಕಿ ಹೋದ. ಅವ ಹೋದ ಅಂದ್ರ ಶೆಡ್ಡಿಗೆ ಬೀಗ. ನಿನಗ ಬಿಲ್ಲೂ ಇರೂದಿಲ್ಲ."

ಪ್ಯಾನ್ ಎಂದರೆ ಕಬ್ಬಿನ ರಸವನ್ನು ಕುದಿಸಿ ಸಕ್ಕರೆ ಕಟ್ಟಿಸುವ ಉಕ್ಕಿನ ಪಾತ್ರೆ. ನಮ್ಮ ಮನೆಗಿಂತ ಎತ್ತರ. ತಟ್ಟೆಗಳನ್ನು ಕತ್ತರಿಸಿ, ಬಾಗಿಸಿ, ಬೆಸೆದು, ಕೊನೆಗೆ ತಳದ ಮೇಲೆ ಮೈಯನ್ನು ಎತ್ತಿ ಕೂರಿಸಬೇಕು. ಕಾರ್ಖಾನೆಯವರು ಕಬ್ಬು ನುರಿಸುವುದಕ್ಕೆ ಮೊದಲು ಅದು ಅಲ್ಲಿ ನಿಂತಿರಬೇಕು.

ಶೆಡ್ಡಿನಲ್ಲಿ ಅಷ್ಟೊಂದು ಗಂಡಸರು, ನಾನೊಬ್ಬಳು. ನನಗೆ ಬೈಯಲು ಬರುವುದಿಲ್ಲ. ಯಾರಾದರೂ ದನಿ ಎತ್ತಿದರೆ ಎದ್ದು ಹೊರಗೆ ಹೋಗಿಬಿಡಬೇಕು ಎನಿಸುತ್ತದೆ. ಅಪ್ಪ ಬದುಕಿದ್ದಷ್ಟು ದಿನ ಮನೆಯಲ್ಲಿ ಅದೇ ಆಗಿ ಹೀಗಾಗಿದ್ದೇನೆ. ಬೈಗುಳವೆಲ್ಲ ಈ ಡೈರಿಯಲ್ಲಿ ಬರೆದು ಮುಗಿಸಿಬಿಡೋಣ ಎಂದುಕೊಂಡಿದ್ದೇನೆ.

ಇಡೀ ದಿನ ಕುಳಿತು ಯೋಜನೆ ಮಾಡಿದೆ. ಎಲ್ಲರೂ ಮಾಡಬೇಕಾದ ಕೆಲಸವನ್ನು ಬರೆದುಕೊಳ್ಳುತ್ತಾರೆ, ನಾನು ಮೊದಲು ಆಗಬಹುದಾದ ತಡವನ್ನು ಬರೆದುಕೊಂಡೆ. ಅಮಾವಾಸ್ಯೆಗೆ ಲಾರಿ ಹೊರಡುವುದಿಲ್ಲ. ಗಣಪತಿ ಕೂತರೆ ಹುಡುಗರು ಬರುವುದಿಲ್ಲ. ಈದ್ ಮಿಲಾದಿಗೆ ಅರ್ಧ ವೆಲ್ಡರುಗಳಿಲ್ಲ. ದಸರೆಯ ಖಂಡೇ ಪೂಜೆಗೆ ಯಾರೂ ಇಲ್ಲ. ಎಲ್ಲಕ್ಕೂ ಜಾಗ ಬಿಟ್ಟೆ. ಮತ್ತೆ ಕೊನೆಯಲ್ಲಿ ಒಂದು ವಾರ ಮುಚ್ಚಿಟ್ಟೆ. ಅಕ್ಟೋಬರ್ ಹತ್ತು ಎಂಬುದು ನಮ್ಮಲ್ಲಿ ನನಗೆ, ಮಾಲಕರಿಗೆ ಮಾತ್ರ ಗೊತ್ತು. ಶೆಡ್ಡಿನಲ್ಲಿ ಅಕ್ಟೋಬರ್ ಮೂರು ಎಂದು ಹೇಳಿದೆ.

ನಮ್ಮ ಹೆಡ್ ಮಿಸ್ತ್ರಿ ನಿಜಾಮುದ್ದೀನ ಚಾಚಾ ಗಡ್ಡ ಕೆರೆದುಕೊಂಡರು. "ಮೂರಕ್ಕ ಕಠಿಣ ಐತಿ. ಆದ್ರ ನೀ ಹೇಳಿದ್ಯಲ್ಲವ್ವಾ, ಮಾಡೂಣು." ನಾನು ಕೆಲಸಕ್ಕೆ ಸೇರಿದ ದಿನದಿಂದ ಈ ಶೆಡ್ಡಿನಲ್ಲಿ ನನ್ನನ್ನು ಮಗಳಂತೆ ನೋಡಿದವರು ಅವರೊಬ್ಬರೇ. ಅವರಿಗೆ ಸುಳ್ಳು ತಾರೀಖು ಹೇಳುವಾಗ ಕೆನ್ನೆ ಬಿಸಿಯಾಯಿತು.

ಆಗಸ್ಟ್ ೨೪, ಭಾನುವಾರ

ತಟ್ಟೆ ತರುವ ಲಾರಿಯವನು ನಿನ್ನೆ ಅಮಾವಾಸ್ಯೆಯೆಂದು ಹೊರಡಲಿಲ್ಲ, ಇವತ್ತು ಬಂದ. ನಾನು ಬಿಟ್ಟಿದ್ದ ಜಾಗಕ್ಕೆ ಸರಿಯಾಗಿ ಕೂತಿತು. ಖುಷಿಯಾಯಿತು. ಚಾಚಾನಿಗೆ ಹೇಳಿದರೆ "ಲಾರಿ ನಿಂತಿದ್ದಕ್ಕ ಖುಷಿ ಪಡೂ ಮಂದಿ ನೀನ ಮೊದಲನೇದಾಕಿ" ಎಂದು ನಕ್ಕರು.

ಸಕ್ಕರೆ ಕಾರ್ಖಾನೆಯ ಎಂಜಿನಿಯರು ಬಸವಕಿರಣ ಭಾನುವಾರವೂ ಫೋನು ಮಾಡುತ್ತಾನೆ. "ಏನ್ರಿ ಮೇಡಂ, ಪ್ಲೇಟ್ ಬಂದಾವೋ, ಬೀಗರ ಮನಿಗೆ ಹೋಗ್ಯಾವೋ?" ನಗುವ ದನಿ. ನಕ್ಕು ನಕ್ಕೇ ಕುತ್ತಿಗೆ ಹಿಡಿಯುವ ಜಾತಿಯವನು.

ಸೆಪ್ಟೆಂಬರ್ ೧, ಸೋಮವಾರ

ತಟ್ಟೆ ಬಾಗಿಸುವ ಮಷೀನು ನಡೆಸಲು ಹುಲಗೇಶನೊಬ್ಬನಿಗೇ ಕೈ ಪಳಗಿದೆ. ಗಣಪತಿಗೆಂದು ಎರಡು ದಿನ ಕೇಳಿ ಹೋದ ದೊರೆ ಇವತ್ತು ಬಂದ. ಬಾಯಿ ವಾಸನೆ ಹೊಡೆಯುತ್ತಿತ್ತು. ಯಾಕೆ ತಡ ಎಂದು ಕೇಳಿದೆ, ಅದೂ ಮೆಲ್ಲಗೆ.

"ಅಕ್ಕಾರ, ತಾರೀಖಿನ್ಯಾಗ ಹವಾ ತುಂಬಿರ್ತೀರಿ ಅನ್ನೂದು ನಮಗ ಗೊತ್ತಿಲ್ಲೇನು? ಮೂರಂದ್ರ ಹತ್ತು, ಹತ್ತಂದ್ರ ಇಪ್ಪತ್ತು. ವಿಶಾಲಣ್ಣನೂ ಹಿಂಗ ಮಾಡ್ತಿದ್ದ." ಸುತ್ತಲಿನವರೆಲ್ಲ ಕಿಸಕ್ಕನೆ ನಕ್ಕರು.

ಮೈ ಉರಿದುಹೋಯಿತು. ಅವನು ಹೇಳಿದ್ದು ನಿಜವೆಂದೇ ಉರಿಯಿತು. ಕೈಯಲ್ಲಿದ್ದ ಚಹಾದ ಗ್ಲಾಸನ್ನು ಗೋಡೆಗೆ ಬೀಸಿದೆ. ಅದು ಒಡೆದ ಸದ್ದಿಗೆ ನಾನೇ ಬೆಚ್ಚಿದೆ. ಆಮೇಲೆ ಕಕ್ಕಸಿಗೆ ಹೋಗಿ ಅತ್ತೆ. ಯಾರದೋ ಮೈಯೊಳಗೆ ಹೊಕ್ಕು ಬಂದಹಾಗಿತ್ತು. ಇನ್ನೊಮ್ಮೆ ಹೀಗೆ ಮಾಡುವುದಿಲ್ಲ.

ಸೆಪ್ಟೆಂಬರ್ ೬, ಶನಿವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಬಾಗಿಸಿದ ಮೂರನೇ ತಟ್ಟೆಯ ಎರಡು ಅಂಚು ಕೂಡಲಿಲ್ಲ. ನಡುವೆ ಅಂಗೈ ಹೋಗುವಷ್ಟು ಸಂದು. ಕತ್ತರಿಸಿದವನು ಗಿಡ್ಡ ಕತ್ತರಿಸಿದ್ದಾನೆ ಎಂದು ಹುಲಗೇಶ. ಬಾಗಿಸಿದವನು ಕುಡಿದು ಬಾಗಿಸಿದ್ದಾನೆ ಎಂದು ಗ್ಯಾಸ್ ಕಟಿಂಗಿನ ಮೌಲಾಲಿ. ಮಾತು ತಾಯಿ, ತಂಗಿಯ ತನಕ ಹೋಯಿತು. ಹುಲಗೇಶ ಸುತ್ತಿಗೆ ಬೀಸಿದ. ಮೌಲಾಲಿಯ ಹುಬ್ಬು ಸೀಳಿ, ನೆತ್ತರು ಕಣ್ಣಿಗಿಳಿಯಿತು. ಅವನು ಆ ಕಣ್ಣಿನಲ್ಲೇ ಹುಲಗೇಶನ ಗಂಟಲು ಹಿಡಿದು, ಮುಖವನ್ನು ಮಷೀನಿನ ಉರುಳೆಗೆ ಒತ್ತಿದ. ಹಲ್ಲು ಉಕ್ಕಿಗೆ ತಾಗಿದ ಸದ್ದು ಕೇಳಿತು. ಉಳಿದವರು ಕುಸ್ತಿ ನೋಡುವಂತೆ ನಿಂತಿದ್ದರು. ಬಿಡಿಸಲು ಹೋದ ಚಾಚಾನ ಎದೆಗೆ ಮೊಳಕೈ ಬಿದ್ದು ಅವರು ಕೂತುಬಿಟ್ಟರು.

ಅದನ್ನು ನೋಡಿ ನೆತ್ತಿಗೇರಿತು. ನನ್ನ ಕೈಯಲ್ಲಿ ಅಳತೆಯ ಉಕ್ಕಿನ ಪಟ್ಟಿಯಿತ್ತು. ಹುಲಗೇಶ ಬಿಡಿಸಿಕೊಂಡು ಮತ್ತೆ ಸುತ್ತಿಗೆ ಎತ್ತಿದಾಗ ಪಟ್ಟಿಯ ಅಂಚಿನಿಂದ ಅವನ ಕಿವಿಗೆ ಹೊಡೆದೆ. ಒಂದಲ್ಲ, ಎರಡು ಸಲ. ಎರಡನೆಯದು ಬೇಕಿರಲಿಲ್ಲ, ಅವನು ಆಗಲೇ ಸುತ್ತಿಗೆ ಬಿಟ್ಟಿದ್ದ. ಕಿವಿಯ ಹಾಲೆ ಹರಿದು ಜೋತಾಡಿತು.

"ತಾರೀಖು ಮೂರು. ಅದರಾಗ ಹವಾ ಇಲ್ಲ. ಯಾರಿಗರ ಅನುಮಾನ ಐತೇನು?" ಎಂದೆ. ಯಾರಿಗೂ ಇರಲಿಲ್ಲ.

ಊಟದ ನಂತರ ಮಷೀನು ಒಂದು ಗಳಿಗೆ ನಿಲ್ಲಲಿಲ್ಲ. ಕೆಟ್ಟ ತಟ್ಟೆಯನ್ನು ಬಿಚ್ಚಿ, ಮತ್ತೊಂದನ್ನು ಸಂಜೆಯೊಳಗೆ ಬಾಗಿಸಿದರು. ವಿಶಾಲನ ಕಾಲದಲ್ಲಿ ಇದಕ್ಕೆ ನಾಲ್ಕು ದಿನ ಹಿಡಿಯುತ್ತಿತ್ತು. ಮನೆಗೆ ಬಂದು ಕೈ ತೊಳೆಯುವಾಗ ಉಗುರಿನ ಸಂದಿಯಲ್ಲಿ ನೆತ್ತರಿತ್ತು. ಅವ್ವ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ಮೂರು ರೊಟ್ಟಿ ಉಂಡೆ. ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಸೆಪ್ಟೆಂಬರ್ ೧೨, ಶುಕ್ರವಾರ

ಬಸವಕಿರಣ ಇವತ್ತು ನಗಲಿಲ್ಲ. "ಹತ್ತಕ್ಕ ಬರಲಿಲ್ಲಂದ್ರ ನಮ್ಮ ಕಬ್ಬಿನ ಗ್ಯಾಂಗಿನವರನ್ನ ಕರಕೊಂಡು ಬರ್ತೇನಿ, ಕೊಡ್ಲಿ ಸಮೇತ" ಎಂದ. ಬರಲಿ. ಫೋನಿಟ್ಟು ಶೆಡ್ಡಿಗೆ ಹೋಗಿ, ಬೀಡಿ ಸೇದುತ್ತ ಕುಳಿತಿದ್ದವನ ಕೆಳಗಿನ ಸ್ಟೂಲನ್ನು ಒದ್ದೆ. ಅವನು ಅಂಗಾತ ಬಿದ್ದ. ಎದ್ದು ಕೆಲಸಕ್ಕೆ ಹೋದ.

ಸೆಪ್ಟೆಂಬರ್ ೧೮, ಗುರುವಾರ

ಸಂಜೆ ಆರಕ್ಕೆ ಗೇಟಿಗೆ ಬೀಗ ಹಾಕಿಸುತ್ತಿದ್ದೇನೆ. ಆ ದಿನದ ಬೆಸುಗೆ ಮುಗಿಯದೆ ಕೀಲಿ ಸಿಗುವುದಿಲ್ಲ. ಇಕ್ಬಾಲ ಎಂಬ ವೆಲ್ಡರನ ಹೆಂಡತಿಗೆ ಹೆರಿಗೆ ನೋವಂತೆ, ಕೀಲಿ ಕೇಳಿದನಂತೆ, ನಾನು ಮಾಲಕರ ಜತೆ ಫೋನಿನಲ್ಲಿದ್ದೆ. ಅವನು ಕಾಯಬಹುದಿತ್ತು. ಗೇಟು ಹತ್ತಿ ದಾಟಲು ಹೋಗಿ, ಮೇಲಿನ ಚೂಪು ಸರಳು ತೊಡೆಯೊಳಗೆ ಹೊಕ್ಕಿತು. ಅಲ್ಲೇ ನೇತಾಡುತ್ತ ಚೀರಿದ. ಕೆಳಗಿನಿಂದ ನಾಲ್ಕು ಜನ ಎತ್ತಿ ಹಿಡಿದು ಬಿಡಿಸಿದರು. ಗಂಡು ಮಗುವಂತೆ.

ಒಬ್ಬ ವೆಲ್ಡರು ಕಡಿಮೆಯಾದ. ಈದ್ ಮಿಲಾದಿಗೆ ಬಿಟ್ಟಿದ್ದ ಜಾಗದಲ್ಲಿ ಸ್ವಲ್ಪ ಉಳಿದಿತ್ತು, ಅದರಲ್ಲಿ ಹೊಂದಿಸಿದೆ.

ಮನೆಗೆ ಬಂದು ಇದನ್ನೆಲ್ಲ ಹೇಳುತ್ತಿದ್ದೆ. ಅವ್ವ ಸೊಪ್ಪು ಸೋಸುತ್ತ ಕೂತವಳು ತಲೆ ಎತ್ತದೆ ಹೇಳಿದಳು. "ಸಣ್ಣಗ ಮಾತಾಡು ಭಾಗ್ಯಾ. ನಿಮ್ಮಪ್ಪ ಬಂದ ಅಂತ ತಿಳದೆ."

ಮುದುಕಿಗೆ ಕಿವಿ ಕೇಳುವುದಿಲ್ಲವೆಂದೇ ಜೋರಾಗಿ ಮಾತಾಡುವುದು. ಅಪ್ಪನ ಸುದ್ದಿ ಯಾಕೆ ಬೇಕು? ಸೊಪ್ಪಿನ ಬುಟ್ಟಿಯನ್ನು ಕಸಿದು ಅಂಗಳಕ್ಕೆ ಎಸೆದೆ. ಹಾಳಾದ ಸೊಪ್ಪು.

ಸೆಪ್ಟೆಂಬರ್ ೨೬, ಶುಕ್ರವಾರ

ತಟ್ಟೆ ಬಾಗಿಸುವುದು ಸೋಮವಾರವೇ ಮುಗಿಯಿತು. ಅವತ್ತೇ ಹುಲಗೇಶನನ್ನು ಕೆಲಸದಿಂದ ಬಿಡಿಸಿದೆ. ಅಲ್ಲಿಯವರೆಗೆ ಅವನು ಬೇಕಿದ್ದ, ಸಹಿಸಿಕೊಂಡಿದ್ದೆ.

ಇವತ್ತು ಮಧ್ಯಾಹ್ನ, ಚಾಚಾ ನಮಾಜು ಮುಗಿಸಿ ಬಂದ ಹೊತ್ತಿಗೆ, ಅವನು ಇಬ್ಬರನ್ನು ಕಟ್ಟಿಕೊಂಡು ಬಂದ. ಹೊಸದಾಗಿ ಹಾಕಿಸಿದ್ದ ಆಫೀಸಿನ ಗಾಜಿಗೆ ಹಾರೆಯಿಂದ ಹೊಡೆದ. ಚೂರುಗಳು ನನ್ನ ಮಡಿಲಿಗೇ ಬಿದ್ದವು. ಒಳಗೆ ಬಂದವನು ನನ್ನ ಜಡೆ ಹಿಡಿದು ಶೆಡ್ಡಿಗೆ ಎಳೆದುಕೊಂಡು ಹೋದ. "ಕಿವಿ ಹರದೀ. ಕೆಲಸಾ ಆದ ಮ್ಯಾಲ ನಾಯಿಗತೆ ಹೊರಗ ಹಾಕಿದಿ. ಎಲ್ಲಾರ ಮುಂದ ನನ್ನ ಕಾಲ ಹಿಡಿ" ಎಂದ. ಅಡ್ಡ ಬಂದ ಚಾಚಾನ ಭುಜಕ್ಕೆ ಹಾರೆಯ ಏಟು ಬಿತ್ತು. ನನ್ನ ತಲೆಗೆ ಗುರಿಯಿಟ್ಟ ಏಟು ಅದು. ಅವರು ಮಂಡಿಯೂರಿದರು, ಆದರೂ ಅವನ ಕಾಲು ಬಿಡಲಿಲ್ಲ.

ಮೌಲಾಲಿ ಗ್ಯಾಸ್ ಕಟರನ್ನು ಹೊತ್ತಿಸಿದ್ದವನು ಹಾಗೇ ನಿಂತಿದ್ದ. ಅವನ ಕೈಯಿಂದ ಕಸಿದುಕೊಂಡೆ. ನೀಲಿ ಬೆಂಕಿಯನ್ನು ಹುಲಗೇಶನ ಮುಖಕ್ಕೆ ಹಿಡಿದೆ. ಅವನ ಮೀಸೆ ಚಿರಚಿರ ಸುಟ್ಟಿತು. ಜಡೆ ಬಿಟ್ಟ. ಹಿಂದೆ ಸರಿದ, ನಾನು ಮುಂದೆ ಹೋದೆ. ಕೆನ್ನೆಯ ಚರ್ಮ ಬೊಬ್ಬೆಯೆದ್ದದ್ದು ಕಣ್ಣೆದುರೇ ಕಂಡಿತು. ಕಂಬಕ್ಕೆ ಬೆನ್ನು ತಾಗಿ ಅವನಿಗೆ ಹಿಂದೆ ಹೋಗಲು ಜಾಗ ಉಳಿಯಲಿಲ್ಲ. "ಅಕ್ಕಾರ, ಸಣ್ಣ ಹುಡುಗ್ರು ಅದಾವ್ರಿ ನನಗ" ಎಂದ. ಅಷ್ಟರಲ್ಲಿ ಬೆಂಕಿ ತಾನಾಗಿ ಆರಿತು.

ಚಾಚಾ ತೆವಳಿಕೊಂಡು ಹೋಗಿ ಸಿಲಿಂಡರಿನ ಕೀಲಿ ತಿರುಗಿಸಿದ್ದರು. "ಸಾಕವ್ವಾ. ಕೆಳಗ ಇಡು" ಎಂದರು. ನನ್ನ ಮುಖ ನೋಡಲಿಲ್ಲ.

ಹುಲಗೇಶ ಮುಖ ಮುಚ್ಚಿಕೊಂಡು, ಜತೆಗೆ ಬಂದಿದ್ದ ಇಬ್ಬರೊಂದಿಗೆ ಓಡಿದ. ಈ ಗಲಾಟೆಗೆ ಅರ್ಧ ದಿನ ಹೋಯಿತು. ಭಾನುವಾರ ಎಲ್ಲರೂ ಬರಬೇಕೆಂದು ಹೇಳಿದೆ, ಬರುತ್ತೇವೆ ಎಂದರು.

ಅಕ್ಟೋಬರ್ ೧, ಬುಧವಾರ

ಖಂಡೇ ಪೂಜೆ. ಇವತ್ತು ನಿಜಕ್ಕೂ ಚೆನ್ನಾಗಿತ್ತು.

ಮುಂಜಾನೆಯಿಂದ ಎಲ್ಲ ಸೇರಿ ಮಷೀನುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದೆವು. ಒಂದು ವರ್ಷದ ಮಡ್ಡಿ ಕರಗಿ ಹರಿಯಿತು. ನಾನೂ ಸೆರಗು ಸಿಕ್ಕಿಸಿ ಕೂತೆ. ಈ ಶೆಡ್ಡಿನಲ್ಲಿ ಪೂಜೆಯ ದಿನ ಒಂದು ಪೈಪೋಟಿ: ಯಾರ ಸಾಮಾನು ಹೆಚ್ಚು ಹೊಳೆಯುತ್ತದೆ ಎಂದು. ಚಾಚಾನ ಸಾಮಾನು ಎಂದರೆ ದೊಡ್ಡ ಚೈನ್ ಪುಲ್ಲಿ. ಮೇಲಿನ ತೊಲೆಗೆ ತೂಗಿ, ಕೈಯಿಂದ ಸರಪಳಿ ಎಳೆದರೆ ಟನ್ನುಗಟ್ಟಲೆ ಭಾರ ಎತ್ತುತ್ತದೆ. ಅದನ್ನು ಕೆಳಗಿಳಿಸಿ, ಮಗುವಿಗೆ ಎರೆಯುವಂತೆ ತೊಳೆದು, ಮುಚ್ಚಳ ಬಿಚ್ಚಿ ಒಳಗೂ ಹೊರಗೂ ಎಣ್ಣೆ ಉಣಿಸಿದರು. ನಾನು ಬಟ್ಟೆಯಿಂದ ತಿಕ್ಕಿದೆ. ಸರಪಳಿ ಬೆಳ್ಳಿಯಂತಾಯಿತು. ಮತ್ತೆ ತೂಗಿಹಾಕಿ, ನಾನೇ ವಿಭೂತಿ ಬಳಿದು ಕುಂಕುಮವಿಟ್ಟು ಚೆಂಡುಹೂವು ಮುಡಿಸಿದೆ. "ಈ ವರ್ಷ ನಮ್ಮ ಪುಲ್ಲಿಗೇ ಇನಾಮು" ಎಂದು ಚಾಚಾ ಎಲ್ಲರೆದುರು ಎದೆ ಉಬ್ಬಿಸಿದರು. ಆ ಹುಲಗೇಶನ ದಿನದಿಂದ ಅವರು ನನ್ನ ಜತೆ ಸರಿಯಾಗಿ ಮಾತಾಡಿರಲಿಲ್ಲ. ಇವತ್ತು ಮಾತಾಡಿದರು, ಸಮಾಧಾನವಾಯಿತು.

ನಾಳೆ ಬನ್ನಿ ಹಬ್ಬ, ವಿಜಯದಶಮಿ. ಪ್ರತಿ ವರ್ಷ ಬನ್ನಿಯ ದಿನ ಮಷೀನುಗಳನ್ನು ಬರಿದೇ ಓಡಿಸಿ, ಪುಲ್ಲಿಗೆ ಸಣ್ಣದೊಂದು ಭಾರ ತೂಗಿಬಿಟ್ಟು, ಕಾಯಿ ಒಡೆದು ಮನೆಗೆ ಹೋಗುವ ರೂಢಿ. ಆದರೆ ಶೆಡ್ಡಿನ ತಾರೀಖು ಮೂರು, ಪ್ಯಾನಿನ ಮೈ ಇನ್ನೂ ತಳದ ಮೇಲೆ ಕೂತಿಲ್ಲ. ನಾಳೆ ರೂಢಿ ಬಿಟ್ಟು ನೇರ ಮೈ ಎತ್ತಬೇಕೆಂದು ಹೇಳಿದೆ. ಗಾಂಧಿ ಜಯಂತಿ ರಜೆ, ಹಬ್ಬ ಬೇರೆ ಎಂದು ಕೆಲವರು ಗೊಣಗಿದರು. ಚಾಚಾ ಅವರ ಬಾಯಿ ಮುಚ್ಚಿಸಿದರು. "ತಾರೀಖಿಗೆ ಹೋಗಬೇಕಲ್ರೋ. ಹುಡುಗಿ ಮಾತು ಕೊಟ್ಟಾಳ."

ಮುಚ್ಚಿಟ್ಟ ಒಂದು ವಾರ ಹಾಗೇ ಇದೆ. ಒಂದು ದಿನ ಅದರಿಂದ ತೆಗೆದು ಇವರಿಗೆ ಹಬ್ಬಕ್ಕೆ ಕೊಡಬಹುದಿತ್ತು. ಕೊಟ್ಟರೆ ತಾರೀಖಿನಲ್ಲಿ ಹವಾ ಇತ್ತು ಎಂದು ಗೊತ್ತಾಗಿಬಿಡುತ್ತದೆ. ಇಷ್ಟು ದಿನ ಪಟ್ಟದ್ದೆಲ್ಲ ನೀರುಪಾಲು.

ಅಕ್ಟೋಬರ್ ೨, ಗುರುವಾರ

ಚಾಚಾನ ಕೈ ಹೋಯಿತು.

ಅಕ್ಟೋಬರ್ ೩, ಶುಕ್ರವಾರ

ನಿನ್ನೆ ಬರೆಯಲಾಗಲಿಲ್ಲ.

ಮೈ ಎತ್ತಿದರು. ಸಲೀಸಾಗಿ ಎದ್ದಿತು, ಸರಪಳಿ ಸದ್ದೇ ಮಾಡಲಿಲ್ಲ. ತಳದ ಮೇಲೆ ತಂದು, ಒಂದು ಗೇಣು ಎತ್ತರದಲ್ಲಿ ನಿಲ್ಲಿಸಿದರು. ಅಂಚಿನ ಮೇಲೆ ಚೆಂಡುಹೂವಿನ ಎಸಳು ಬಿದ್ದಿದ್ದವು. ಕಸ ಕೂತರೆ ಅಂಚು ಸರಿಯಾಗಿ ಕೂಡುವುದಿಲ್ಲವೆಂದು ಚಾಚಾ ಒರೆಸಲು ಕೈ ಹಾಕಿದರು. ಯಾರೂ ಸರಪಳಿ ಮುಟ್ಟಿರಲಿಲ್ಲ. ಭಾರ ತಾನಾಗಿ ಜಾರಿತು. ನಿಧಾನವಾಗಿ ಶುರುವಾಗಿ ಒಮ್ಮೆಲೇ ಕೂತುಬಿಟ್ಟಿತು. ಮೂಳೆ ಮುರಿದ ಸದ್ದು ನನಗೆ ಕೇಳಿತು. ಚಾಚಾ ಕೂಗಲಿಲ್ಲ. "ಎತ್ತ್ರಿ, ಎತ್ತ್ರಿ" ಎಂದು ಸಣ್ಣ ದನಿಯಲ್ಲಿ ಎರಡು ಸಲ ಅಂದರು.

ಮೌಲಾಲಿ ಮತ್ತು ಇನ್ನಿಬ್ಬರು ಸರಪಳಿಗೆ ಜೋತುಬಿದ್ದು ಎತ್ತಿದರು. ನಾಲ್ಕು ಬೆರಳು ಎದ್ದಿತು. ಚಾಚಾ ಕೈ ಎಳೆದುಕೊಳ್ಳುವಷ್ಟರಲ್ಲಿ ಮತ್ತೆ ಜಾರಿ ಅದೇ ಕೈಯ ಮೇಲೆ ಕೂತಿತು. ಆಗ ಕೂಗಿದರು. ಆ ಕೂಗು ಮನುಷ್ಯರದಲ್ಲ. ಪುಲ್ಲಿಯನ್ನು ಬಿಟ್ಟು, ಜಾಕ್ ತಂದು ಎರಡೂ ಕಡೆ ಕೊಟ್ಟು ಎತ್ತುವವರೆಗೆ ಅವರ ತಲೆಯನ್ನು ನನ್ನ ಎದೆಗೆ ಒತ್ತಿ ಹಿಡಿದಿದ್ದೆ. ನನ್ನ ಮುಂದೋಳನ್ನು ಕಚ್ಚಿ ಹಿಡಿದಿದ್ದರು. ಹಲ್ಲಿನ ಗುರುತು ಈಗಲೂ ಇದೆ. ಹೊರಗೆ ಬಂದದ್ದಕ್ಕೆ ಕೈ ಎನ್ನಲು ಆಗುತ್ತಿರಲಿಲ್ಲ.

ಪುಲ್ಲಿ ಮಾರಿದ ಅಂಗಡಿಯವನು ಇವತ್ತು ಬಂದು ಬಿಚ್ಚಿ ನೋಡಿದ. ಒಳಗೆ ಬ್ರೇಕಿನ ಬಿಲ್ಲೆಗಳಿವೆ, ಅವು ಒಣಗಿದ್ದರಷ್ಟೇ ಒಂದಕ್ಕೊಂದು ಹಿಡಿದು ಭಾರ ನಿಲ್ಲಿಸುತ್ತವಂತೆ. ಪೂಜೆಯ ಎಣ್ಣೆ ಕುಡಿದು ಜಾರಿವೆ. "ಸಣ್ಣ ಭಾರಾ ಕಟ್ಟಿ ಒಂದ ತಾಸು ಬಿಟ್ಟಿದ್ರ ಅವಾಗ ಗೊತ್ತಾಗತಿತ್ತು" ಎಂದ. ಬನ್ನಿಯ ರೂಢಿ ಯಾಕಿತ್ತೆಂದು ಯಾರಿಗೂ ಗೊತ್ತಿರಲಿಲ್ಲ, ನನಗೂ.

ನಾನು ಎಣ್ಣೆ ಹಾಕಲಿಲ್ಲ. ಇದನ್ನು ಬರೆದಿಡುತ್ತೇನೆ. ನಾನು ತಿಕ್ಕಿದೆ, ಅಷ್ಟೆ.

ಅಕ್ಟೋಬರ್ ೫, ಭಾನುವಾರ

ಎರಡು ದಿನ ಒಬ್ಬನೂ ಕೆಲಸಕ್ಕೆ ಬರಲಿಲ್ಲ. ಶೆಡ್ಡಿನಲ್ಲಿ ಪ್ಯಾನು, ನಾನು, ನೆಲದ ಕಲೆ.

ಮುಂಜಾನೆ ಆಸ್ಪತ್ರೆಗೆ ಹೋದೆ. ಬಲಗೈಯನ್ನು ಮಣಿಕಟ್ಟಿನವರೆಗೆ ತೆಗೆದಿದ್ದಾರೆ. ಚಾಚಾ ಮಲಗಿದ್ದರು. ಅವರ ಹೆಂಡತಿ ಅಬೀದಾ ಚಾಚಿ ಬಾಗಿಲಲ್ಲಿ ಕೂತಿದ್ದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಎಡಗೈಲೆ ಉಣ್ಣೂದಿಲ್ಲ ಅಂತ ಹಟಾ ಹಿಡದಾರವ್ವಾ. ಚಮಚಾ ಕೊಟ್ರ ಒಗದ್ರು. ಹುಟ್ಟಿದಾಗಿಂದ ಬಲಗೈಲೆ ಉಂಡಾರಲ್ಲ. ನಾನ ತುತ್ತು ಮಾಡಿ ಬಾಯಾಗ ಇಡಾಕತ್ತೇನಿ" ಎಂದರು. ಹೊರಗೆ ಬಂದು ಕಾಂಪೌಂಡಿನ ಪಕ್ಕ ವಾಂತಿ ಮಾಡಿಕೊಂಡೆ. ಬೇವಿನ ಮರಕ್ಕೆ ಹಣೆ ಹಚ್ಚಿ ನಿಂತಿದ್ದೆ. ಆಗ ಹೊಳೆಯಿತು, ಮುಚ್ಚಿಟ್ಟ ವಾರ ಇನ್ನೂ ಕೈಯಲ್ಲಿದೆ.

ಅಲ್ಲಿಂದ ನೇರ ಹಳೇ ಹುಬ್ಬಳ್ಳಿಗೆ ಹೋಗಿ ಮೌಲಾಲಿಯ ಮನೆಯ ಮುಂದೆ ಎಲ್ಲರನ್ನೂ ಸೇರಿಸಿದೆ. ಕಲ್ಲು ಹೊಡೆದರೂ ಹೊಡೆದಾರು ಎನಿಸಿತ್ತು. ಒಬ್ಬ ನನ್ನ ಕಾಲ ಬುಡಕ್ಕೆ ಉಗಿದ.

"ಚಾಚಾನ ಕೈ ಹೋಗಿದ್ದು ಈ ಪ್ಯಾನಿನ ಸಲುವಾಗಿ. ಅದು ಶೆಡ್ಡಿನ್ಯಾಗ ತುಕ್ಕು ಹಿಡದ್ರ ಕೈ ಮಣ್ಣುಪಾಲು. ಮೂರನೇ ತಾರೀಖು ದಾಟೇತಿ. ನಾ ಆ ಬಸವಕಿರಣನ ಕಾಲಿಗೆ ಬಿದ್ದು ಇನ್ನೊಂದ ವಾರ ಇಸಗೊಂಡು ಬಂದೇನಿ. ಹತ್ತಕ್ಕ ಹೋಗಲಿಲ್ಲಂದ್ರ ಶೆಡ್ಡು ಇರೂದಿಲ್ಲ, ಯಾರಿಗೂ ಅನ್ನ ಇಲ್ಲ" ಎಂದೆ.

ಮೌಲಾಲಿ ಕಣ್ಣೊರೆಸಿಕೊಂಡ. ಉಗಿದವನು ತಲೆ ತಗ್ಗಿಸಿದ. "ನೀವು ಯಾಕ ಕಾಲಿಗೆ ಬೀಳಾಕ ಹೋದ್ರಿ ಅಕ್ಕಾರ" ಎಂದು ಇಕ್ಬಾಲ ಕುಂಟುತ್ತ ಬಂದು ಕೇಳಿದ. ಊಟದ ಹೊತ್ತಿಗೆ ಎಲ್ಲರೂ ಶೆಡ್ಡಿನಲ್ಲಿದ್ದರು. ಇಂಥ ದುಡಿತವನ್ನು ನಾನು ನೋಡಿಲ್ಲ. ಬೈಯುವ, ಹೊಡೆಯುವ ಅಗತ್ಯವೇ ಬೀಳಲಿಲ್ಲ.

ಮಾಲಕರು ಬೆನ್ನು ತಟ್ಟಿದರು. "ಒಂದ ವಾರ ಮುಚ್ಚಿಟ್ಟಿದ್ದು ಎದಕ್ಕ ಬಂತು ನೋಡಿದ್ಯಾ? ನಿನ್ನಂಥಾಕಿ ಮೊದಲ ಸಿಕ್ಕಿದ್ರ ವಿಶಾಲನ ಬೆನ್ನರ ಉಳೀತಿತ್ತು." ಅಪಘಾತದ ವರದಿಯಲ್ಲಿ 'ಪುಲ್ಲಿಗೆ ಎಣ್ಣೆ ಹಾಕಿದ್ದು ಮಿಸ್ತ್ರಿಯೇ' ಎಂದು ಬರೆಸಿದರು. ಸುಳ್ಳಲ್ಲ. ಸಾ‌ಕ್ಷಿಯ ಜಾಗದಲ್ಲಿ ಸಹಿ ಹಾಕಿದೆ.

ಅಕ್ಟೋಬರ್ ೯, ಗುರುವಾರ

ಹೋಯಿತು. ಒಂದು ದಿನ ಮುಂಚೆಯೇ.

ಟ್ರೇಲರು ಗೇಟಿನಲ್ಲಿ ತಿರುಗಲಾರದೆ ಕಂಬಕ್ಕೆ ತಾಗಿತು. ಕಂಬವನ್ನೇ ಒಡೆಸಿದೆ. ಬಸವಕಿರಣ ಫೋನಿನಲ್ಲಿ "ಭೇಷ್ ಮೇಡಂ, ನಿಮ್ಮಂಥಾ ಗಂಡ್ಸು ಆ ಶೆಡ್ಡಿನ್ಯಾಗ ಇನ್ನೊಬ್ಬ ಇಲ್ಲ" ಎಂದ. ಇನ್ನೊಂದು ಪ್ಯಾನಿಗೆ ಆರ್ಡರು ಕೊಡುತ್ತಾರಂತೆ. ಮಾಲಕರು ಪೇಢೆ ತರಿಸಿ ಹಂಚಿದರು. ಹೊಸ ಕುರ್ಚಿ ಬಂದಿದೆ, ಎರಡೂ ಕೈ ಇರುವುದು.

ಅವ್ವನಿಗೂ ಪೇಢೆ ಒಯ್ದೆ. ನಾನು ಒಳಗೆ ಬಂದದ್ದು ಕಂಡು ನನ್ನ ತಟ್ಟೆ ಹಾಕಿಟ್ಟು ಪಕ್ಕದ ಮನೆಗೆ ಹೋದಳು. ಈಚೆಗೆ ದಿನಾ ಹಾಗೇ ಹೋಗುತ್ತಾಳೆ. ಅಲ್ಲಿ ಟಿವಿ ದೊಡ್ಡದಿದೆ.

ಅಕ್ಟೋಬರ್ ೧೭, ಶುಕ್ರವಾರ

ನಮಾಜು ಮುಗಿಸಿ ಚಾಚಾ ಬಂದಿದ್ದರು. ಯಾರೂ ಕರೆಸಿರಲಿಲ್ಲ. ಬಿಳಿ ಅಂಗಿ, ಬಲ ತೋಳಿನ ತುದಿಯಲ್ಲಿ ಬಟ್ಟೆಯ ಗಂಟು. ಹದಿನೈದು ದಿನದಲ್ಲಿ ಹತ್ತು ವರ್ಷ ಮುದುಕರಾಗಿದ್ದಾರೆ. ಶೆಡ್ಡಿನಲ್ಲಿ ಎಲ್ಲರೂ ಎದ್ದು ನಿಂತರು. ಅವರು ಯಾರನ್ನೂ ಮಾತಾಡಿಸದೆ ನೇರ ಆಫೀಸಿಗೆ ಬಂದು, ಬಾಗಿಲಿಕ್ಕಿ, ನನ್ನೆದುರು ಕೂತರು.

ವಾರ ಮುಚ್ಚಿಟ್ಟದ್ದು ಗೊತ್ತಾಗಿದೆ ಎಂದುಕೊಂಡೆ. ಮಾಲಕರು ಬಾಯಿ ಬಿಟ್ಟಿರಬೇಕು, ಇಲ್ಲವೇ ಬಸವಕಿರಣನ ಕಡೆಯ ಯಾರೋ. ಮೇಜಿನ ಮೇಲೆ ಅಳತೆಯ ಪಟ್ಟಿಯಿತ್ತು, ನನ್ನ ಕೈ ಅದರ ಮೇಲೆ ಹೋಗಿತ್ತು. ಅದು ಈಗ ಬರೆಯುವಾಗ ನೆನಪಾಗುತ್ತಿದೆ.

"ಒಂದ ಮಾತು ಕೇಳತೇನಿ ಭಾಗ್ಯವ್ವಾ, ಖರೇ ಹೇಳು" ಎಂದರು. "ಅವತ್ತ ಬನ್ನಿ ದಿನಾನ ಎತ್ತೂದು ಜರೂರ ಇತ್ತೇನು? ರಾತ್ರಿ ನಿದ್ದಿ ಬರೂದಿಲ್ಲ. ಒಂದ ದಿನಾ ತಡದಿದ್ರ ಏನಾಗತಿತ್ತು ಅಂತ ಅದ ತಲ್ಯಾಗ ತಿರಗತೈತಿ."

"ಜರೂರ ಇತ್ತ್ರಿ ಚಾಚಾ" ಎಂದೆ. "ಮೂರಕ್ಕ ಹೋಗಬೇಕಾಗಿತ್ತಲ್ರಿ."

ಅವರು ನನ್ನ ಮುಖ ನೋಡಿದರು. ನಾನೂ ನೋಡಿದೆ. ಕೆನ್ನೆ ಬಿಸಿಯಾಗಲಿಲ್ಲ. ಆಮೇಲೆ ಅವರ ಭುಜ ಸಡಿಲವಾಯಿತು, ಹೊತ್ತುಕೊಂಡು ಬಂದದ್ದನ್ನು ಇಳಿಸಿದವರ ಹಾಗೆ.

"ಹಂಗಾದ್ರ ಆತು. ಅಬೀದಾಗ ಅದನ್ನ ಹೇಳತೇನಿ. ಸುಮ್ಮ ಸುಮ್ಮನ ಹೋಗಿಲ್ಲ ಕೈ, ಕೆಲಸಕ್ಕ ಹೋಗೇತಿ." ಎದ್ದವರು ಬಾಗಿಲ ಹತ್ತಿರ ನಿಂತರು. ಹೇಳಲು ಬಂದದ್ದು ಇನ್ನೂ ಇತ್ತು. "ನನ್ನಿಂದ ಭಾಳ ತಡಾ ಆತವ್ವಾ. ಪುಲ್ಲಿಗೆ ಎಣ್ಣಿ ಹಾಕಿದಾಂವ ನಾನ. ಮೂರಕ್ಕ ಹೋಗೂದು ಒಂಬತ್ತಕ್ಕ ಹೋತು. ನೀ ಅವರ ಕಾಲಿಗೆ ಬಿದ್ದಿ ಅಂತ ಮೌಲಾಲಿ ಹೇಳಿದಾ. ನನ್ನ ಸಲುವಾಗಿ ಹೆಣ್ಣಮಗಳು ಮಂದಿ ಕಾಲಿಗೆ ಬೀಳೂಹಂಗ ಆತಲ್ಲ, ಅದಕ್ಕ ಮಾರಿ ತೋರಸಾಕ ನಾಚಿಕಿ ಬಂದಿತ್ತು. ಮಾಫ ಮಾಡವ್ವಾ."

ತಲೆಯ ಮೇಲೆ ಕೈ ಇಡಲು ಬಲಗೈ ಎತ್ತಿದರು. ಬಟ್ಟೆಯ ಗಂಟು ನನ್ನ ಬೈತಲೆಗೆ ತಾಗಿತು. ಔಷಧದ ವಾಸನೆ ಬಂತು. ಅವರಿಗೆ ತಟ್ಟನೆ ನೆನಪಾಗಿ, ಕೈ ಹಿಂದಕ್ಕೆಳೆದುಕೊಂಡರು.

"ಇರ್ಲಿ ಬಿಡ್ರಿ ಚಾಚಾ. ಮಾಫ ಮಾಡೇನಿ" ಎಂದೆ.

ಕಣ್ಣು ತುಂಬಿಕೊಂಡು ಹೋದರು. ಮೌಲಾಲಿ ಗೇಟಿನವರೆಗೆ ಕಳಿಸಿಬಂದ. ಶೆಡ್ಡಿನಲ್ಲಿ ಕೆಲಸ ನಿಂತಿತ್ತು, ಕೂಗು ಹಾಕಿ ಶುರು ಮಾಡಿಸಿದೆ. ಆಮೇಲೆ ಕುಳಿತು ಹೊಸ ಪ್ಯಾನಿನ ಯೋಜನೆ ಮುಗಿಸಿದೆ. ಅದು ಡಿಸೆಂಬರ್ ಕೊನೆಗೆ ಹೋಗಬೇಕು. ಈ ಸಲ ಎರಡು ವಾರ ಮುಚ್ಚಿಟ್ಟಿದ್ದೇನೆ. ಇಂಥದ್ದೊಂದು ನಡುವೆ ಬಂದರೆ ಒಂದು ವಾರ ಸಾಲುವುದಿಲ್ಲ, ಕಂಡುಕೊಂಡೆ.

ಚಾಚಾನ ಮೇಲೆ ನನಗೆ ಸಿಟ್ಟಿಲ್ಲ. ವಯಸ್ಸಾದವರು, ತಪ್ಪಾಗುತ್ತದೆ. ಬಾಯಿಮಾತಿಗಲ್ಲ, ಮನಸಾರೆ ಕ್ಷಮಿಸಿದ್ದೇನೆ.